ಬೇಸಿಗೆಯ ಗುಡುಗುಮಳೆಯನ್ನು ದಿನದ ಲೆಕ್ಕದಲ್ಲಿ ಅಳೆಯಬೇಡಿ: ಶಾಸಕರಿಗೆ ಬಹಿರಂಗ ಪತ್ರ

ಮಾನ್ಯ ಶಾಸಕರೇ,

ನಮಸ್ಕಾರಗಳು. ಮೊನ್ನೆಯ ಸಂಜೆಮಳೆಯಲ್ಲಿ ಮನೆಗಳಿಗೆ ನೀರು ನುಗ್ಗಿದ್ದರ ಬಗ್ಗೆ ಕೇಳಿದವರಿಗೆ ತಾವು, ದಾಖಲೆಯ ಪ್ರಕಾರ ಬಿದ್ದದ್ದು 30 ಮಿಲಿಮೀಟರ್ ಮಾತ್ರ, ಅದೇನು ದೊಡ್ಡ ಮಳೆಯಲ್ಲ, ಚರಂಡಿಯ ಕಸವೇ ಕಾರಣ ಎಂದು ಉತ್ತರಿಸಿದಿರಿ. ಕಸದ ಮಾತನ್ನು ಒಪ್ಪುತ್ತೇನೆ. ಮಳೆಯ ಮಾತನ್ನು ಒಪ್ಪಲಾರೆ.

30 ಮಿಲಿಮೀಟರ್ ಮಳೆ ಇಡೀ ದಿನ ಜಿನುಗಿದರೆ ಮಣ್ಣು ಅದರಲ್ಲಿ ಬಹುಪಾಲನ್ನು ಕುಡಿದುಬಿಡುತ್ತದೆ. ಅಷ್ಟೇ ಮಳೆ 20 ನಿಮಿಷಗಳಲ್ಲಿ ಸುರಿದರೆ ಅದರ ರಭಸ ಗಂಟೆಗೆ 90 ಮಿಲಿಮೀಟರ್. ಒಂದು ಚದರ ಕಿಲೋಮೀಟರಿನ ಮೇಲೆ 30 ಮಿಲಿಮೀಟರ್ ಎಂದರೆ ಮೂರು ಕೋಟಿ ಲೀಟರ್ ನೀರು. ಅಷ್ಟೂ ಕಾಂಕ್ರೀಟಿನ ಮೇಲೆ ಒಮ್ಮೆಲೇ ಬಿದ್ದರೆ ಗುಡಿಸಿ ಒರೆಸಿದ ಚರಂಡಿಯೂ ಉಕ್ಕೀತು. ಚರಂಡಿಯ ಅಗಲವನ್ನು ಎಂಜಿನಿಯರುಗಳು ಲೆಕ್ಕ ಹಾಕುವುದು ಗಂಟೆಗೆ ಎಷ್ಟು ಮಳೆ ಎಂಬುದರ ಮೇಲೆ, ದಿನಕ್ಕೆ ಎಷ್ಟು ಎಂಬುದರ ಮೇಲಲ್ಲ. ದಿನಕ್ಕೊಮ್ಮೆ ಬೆಳಿಗ್ಗೆ ಓದುವ ಮಳೆಮಾಪಕಕ್ಕೆ ಈ ವ್ಯತ್ಯಾಸ ಕಾಣುವುದೇ ಇಲ್ಲ.

ನಾನು ಹವಾಮಾನ ಇಲಾಖೆಯವನಲ್ಲ. ಮುಗಿಲು ನೋಡುವ ಹುಚ್ಚು ಹತ್ತಿಸಿಕೊಂಡವನು. ಬೇಸಿಗೆಯಲ್ಲಿ ನನ್ನ ದಿನಚರಿಯನ್ನು ಗಡಿಯಾರಕ್ಕಿಂತ ಹೆಚ್ಚಾಗಿ ಮೋಡವೇ ನಡೆಸುತ್ತದೆ. ಮಧ್ಯಾಹ್ನದ ಸೆಖೆಯಲ್ಲಿ ರಾಶಿ ಮೋಡವೊಂದು ನೋಡನೋಡುತ್ತಿದ್ದಂತೆ ಮೇಲಕ್ಕೇರಿ, ತಲೆ ಚಪ್ಪಟೆಯಾಗಿ ಕಮ್ಮಾರನ ಅಡಿಗಲ್ಲಿನಂತೆ ಹರಡಿಕೊಂಡರೆ ಕೈಯಲ್ಲಿದ್ದ ಕೆಲಸ ಅಲ್ಲಿಗೇ ನಿಂತಿತೆಂದೇ ಅರ್ಥ. ಬಟ್ಟೆ ಒಣಹಾಕಬಹುದೇ ಎಂದು ನೆರೆಯವರು ಕೇಳುತ್ತಾರೆ. ನನ್ನ ಉತ್ತರ ಅರ್ಧ ಗಂಟೆಯ ಮಟ್ಟಿಗೆ ಮಾತ್ರ ನಂಬಿಕೆಗೆ ಅರ್ಹ ಎಂಬುದು ಅವರಿಗೂ ಗೊತ್ತು.

ಅದು ನನ್ನೊಬ್ಬನ ಮಿತಿಯಲ್ಲ, ಈ ಮಳೆಯ ಸ್ವಭಾವವೇ ಹಾಗೆ. 1946 ಮತ್ತು 1947ರಲ್ಲಿ ಅಮೆರಿಕದ ಫ್ಲಾರಿಡಾ ಮತ್ತು ಒಹಾಯೊಗಳಲ್ಲಿ ವಿಜ್ಞಾನಿಗಳು ಗುಡುಗುಮೋಡಗಳ ಒಳಗೇ ವಿಮಾನ ಹಾರಿಸಿ, ಕೆಳಗೆ ನೆಲದ ಮೇಲೆ ಒತ್ತಾಗಿ ಮಾಪನ ಕೇಂದ್ರಗಳನ್ನಿಟ್ಟು ಅಧ್ಯಯನ ಮಾಡಿದರು. ಆಗ ತಿಳಿದುಬಂದಂತೆ ಒಂದು ಗುಡುಗುಕೋಶ, ಅಂದರೆ ಗುಡುಗುಮೋಡದ ಒಂದು ಘಟಕ, ಬೆಳೆದು, ಸುರಿದು, ಸಾಯುವುದು ಹೆಚ್ಚುಕಡಿಮೆ ಒಂದು ಗಂಟೆಯೊಳಗೆ. ಅದರ ಅಗಲ ಕೆಲವೇ ಕಿಲೋಮೀಟರ್. ಮಳೆಯ ಜೊತೆ ಕೆಳಗಿಳಿಯುವ ತಣ್ಣನೆಯ ಗಾಳಿ ನೆಲಕ್ಕೆ ಬಡಿದು ಸುತ್ತ ಹರಡಿ, ಬೆಚ್ಚನೆಯ ಗಾಳಿಯನ್ನು ಎತ್ತಿ ಪಕ್ಕದಲ್ಲೇ ಇನ್ನೊಂದು ಮೋಡವನ್ನು ಹುಟ್ಟಿಸುವುದೂ ಉಂಟು. ಹೀಗಾಗಿ ಒಂದು ಬೀದಿಯಲ್ಲಿ ಆಲಿಕಲ್ಲು, ಇನ್ನೊಂದರಲ್ಲಿ ಬರೀ ಧೂಳು. ಯಾವ ಬೀದಿಯಲ್ಲಿ ಎಂದು ಮುಂಜಾನೆಯೇ ಹೇಳುವವರು ಯಾರೂ ಇಲ್ಲ. ಮುನ್ಸೂಚನೆ ಕೊಡುವವರನ್ನು ಇದಕ್ಕಾಗಿ ಬೈಯುವುದು ಅನ್ಯಾಯ.

ದೂರದ ಒಂದೇ ಮಾಪಕವನ್ನು ನೋಡಿ 'ನಿಮ್ಮಲ್ಲಿ ಮಳೆಯೇ ಆಗಿಲ್ಲ' ಎಂದು ಪರಿಹಾರದ ಅರ್ಜಿಯನ್ನು ಬದಿಗೆ ಸರಿಸುವುದು ಅದಕ್ಕಿಂತ ದೊಡ್ಡ ಅನ್ಯಾಯ. ರಾಡಾರ್ ಇದೆಯಲ್ಲ ಎನ್ನಬಹುದು. ಇರಲಿ, ಬೇಕೇ ಬೇಕು. ಆದರೆ ದೂರ ಹೋದಂತೆ ಭೂಮಿಯ ಬಾಗುವಿಕೆಯಿಂದಾಗಿ ಅದರ ಕಿರಣ ನೆಲದಿಂದ ಮೇಲಕ್ಕೆ ಸರಿಯುತ್ತದೆ. ಅದು ನೋಡುವುದು ಮೋಡದ ಹೊಟ್ಟೆಯನ್ನು, ನಮ್ಮ ಅಂಗಳವನ್ನಲ್ಲ.

ಆದ್ದರಿಂದ ನನ್ನ ಬೇಡಿಕೆ ಇಷ್ಟು. ಕ್ಷೇತ್ರದ ಪ್ರತಿಯೊಂದು ಸರ್ಕಾರಿ ಶಾಲೆಯ ಬಯಲಿನಲ್ಲಿ ಸ್ವಯಂಚಾಲಿತ ಮಳೆಮಾಪಕವೊಂದನ್ನು ಇಡಿಸಿ. ಪುಟ್ಟ ತೊಟ್ಟಿ ತುಂಬಿ ಮಗುಚಿದಾಗಲೆಲ್ಲ ಎಣಿಸಿಕೊಳ್ಳುವ ಸರಳ ಯಂತ್ರ ಅದು. ಮೇಲಿನ ಜಾಲರಿಯಲ್ಲಿ ಎಲೆ ಸಿಕ್ಕಿಕೊಂಡರೆ ತೆಗೆಯುವುದಕ್ಕೆ ಒಬ್ಬರಿಗೆ ಜವಾಬ್ದಾರಿ ಕೊಡಿ. ಉದ್ಘಾಟನೆಯ ಫಲಕಕ್ಕಿಂತ ಇದು ಮುಖ್ಯ. ಹದಿನೈದು ನಿಮಿಷಕ್ಕೊಮ್ಮೆ ಬರುವ ಅಂಕಿಗಳು ಯಾರ ಅನುಮತಿಯೂ ಬೇಕಿಲ್ಲದೆ ಎಲ್ಲರಿಗೂ ಸಿಗುವಂತಿರಲಿ. ಈಗ ಹೊಸ ಚರಂಡಿಗೆ ಟೆಂಡರ್ ಕರೆಯುವವರು ಯಾವ ಅಂಕಿಯನ್ನು ನಂಬಿದ್ದಾರೋ ಅದನ್ನೂ ಪ್ರಕಟಿಸಿ.

ಮಾಪಕಕ್ಕೆ ಕಾಯಬೇಕಾಗಿಲ್ಲದ ಕೆಲಸವೂ ಒಂದಿದೆ. ಬೇಸಿಗೆ ಶಿಬಿರ, ಪಂದ್ಯಾವಳಿ, ತಮ್ಮದೇ ಬಹಿರಂಗ ಸಭೆಗಳು ಗುಡುಗು ಕೇಳಿದ ಮೇಲೂ ಮುಂದುವರಿಯುತ್ತವೆ, ಮಳೆ ಇನ್ನೂ ಬಂದಿಲ್ಲವಲ್ಲ ಎಂಬ ಧೈರ್ಯದಿಂದ. ಸಿಡಿಲಿಗೆ ಮಳೆಯ ಹಂಗಿಲ್ಲ. ಮೋಡದಿಂದ ಹತ್ತು ಕಿಲೋಮೀಟರಿಗೂ ಆಚೆ, ನೀಲಿ ಆಕಾಶದಡಿಯಲ್ಲೂ ಅದು ಎರಗಬಲ್ಲದು. ಮಿಂಚಿಗೂ ಗುಡುಗಿಗೂ ನಡುವೆ ಮೂರು ಸೆಕೆಂಡಿಗೆ ಒಂದು ಕಿಲೋಮೀಟರ್ ಎಂಬ ಲೆಕ್ಕ ಮಕ್ಕಳಿಗೂ ಗೊತ್ತು, ಆದರೆ ಹಾಗೆ ಎಣಿಸುತ್ತ ಬಯಲಲ್ಲಿ ನಿಲ್ಲುವುದೇ ಅಪಾಯ. ಗುಡುಗು ಕಿವಿಗೆ ಬಿತ್ತೆಂದರೆ ಒಳಗೆ ಹೋಗಬೇಕು, ಕೊನೆಯ ಗುಡುಗಿನ ಬಳಿಕ ಅರ್ಧ ಗಂಟೆ ಕಾಯಬೇಕು. ಒಳಗೆ ಎಂದರೆ ಗೋಡೆಗಳಿರುವ ಕಟ್ಟಡ, ಇಲ್ಲವೇ ಲೋಹದ ಛಾವಣಿಯಿದ್ದು ಕಿಟಕಿ ಮುಚ್ಚಿದ ವಾಹನ. ಮರದಡಿ, ಶಾಮಿಯಾನ, ತೆರೆದ ತಂಗುದಾಣ ಇವು ಯಾವುವೂ ಆಸರೆಯಲ್ಲ. ಮರಕ್ಕೆ ಬಡಿದ ಸಿಡಿಲು ನೆಲದಲ್ಲಿ ಹರಿದು ಪಕ್ಕದಲ್ಲಿ ನಿಂತವರನ್ನೂ ಕೊಲ್ಲುತ್ತದೆ. ಈ ನಿಯಮವನ್ನು ಮೈದಾನ ಬಾಡಿಗೆಗೆ ಕೊಡುವ ಅನುಮತಿ ಪತ್ರದಲ್ಲೇ ಸೇರಿಸಲು ಒಂದು ಸುತ್ತೋಲೆ ಸಾಕು. ಮೊದಲ ಪಾಲನೆ ತಮ್ಮ ವೇದಿಕೆಯಿಂದಲೇ ಆಗಲಿ.

ನನ್ನ ಮಳೆ ಪುಸ್ತಕದಲ್ಲಿ ಮೊನ್ನೆಯ ಸಂಜೆಯ ಅಳತೆ ಐದೈದು ನಿಮಿಷದ ಲೆಕ್ಕದಲ್ಲಿದೆ. ತಮ್ಮ ಎಂಜಿನಿಯರುಗಳು ಕೇಳಿದರೆ ಪ್ರತಿ ಕೊಡುತ್ತೇನೆ, ಮಾಪಕವನ್ನು ಬಂದು ಪರೀಕ್ಷಿಸಲಿ. ಚರಂಡಿಯ ಟೆಂಡರ್ ತೆರೆಯುವ ಮೊದಲೇ ಬಂದರೆ ಉಪಯೋಗವಾದೀತು.

ಇತಿ,
ತಮ್ಮ ಕ್ಷೇತ್ರದ ಒಬ್ಬ ಮತದಾರ