ಶರದೃತುವಿನ ಅಂಗನವಾಡಿ: ಮಗಳಿಗೊಂದು ಪತ್ರ

ಚಿರಂಜೀವಿ ಸೌಭಾಗ್ಯವತಿ ಮಗಳಿಗೆ ನಿನ್ನ ದೊಡ್ಡಮ್ಮ ಮಾಡುವ ಆಶೀರ್ವಾದಗಳು. ಉಭಯ ಕುಶಲೋಪರಿ.

ಕಾರ್ಯಕರ್ತೆಯಾಗಿ ಸೇರಿದ ಮೇಲೆ ಬರುತ್ತಿರುವ ಮೊದಲ ದಸರಾ ಇದು, ಮುಂದಿನ ಎರಡು ತಿಂಗಳು ಮಕ್ಕಳಿಗೆ ಏನು ಮಾಡಿಸಲಿ ಎಂದು ಕೇಳಿದ್ದೀಯೆ. ಅದೇ ಕೆಲಸದಲ್ಲಿ ಕೂದಲು ನರೆತವಳಾದ್ದರಿಂದ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ಮೊಬೈಲಿನಲ್ಲಿ ಬರುವ ಶರತ್ಕಾಲದ ಚಟುವಟಿಕೆಗಳಲ್ಲಿ ಕೆಂಪು ಮೇಪಲ್ ಎಲೆ, ಕಿತ್ತಳೆ ಬಣ್ಣದ ಕುಂಬಳಕಾಯಿ ಇರುತ್ತವೆ. ಆ ನಾಡಿನ ಮಕ್ಕಳಿಗೆ ಅವು ಸರಿಯಾದ ಪಾಠವೇ. ಆದರೆ ನಮ್ಮ ತುಮಕೂರು ಜಿಲ್ಲೆಯ ಗುಬ್ಬಿಯ ಸುತ್ತಮುತ್ತ ಆಶ್ವಯುಜ, ಕಾರ್ತಿಕ ಮಾಸಗಳಲ್ಲಿ ಮರಗಳು ಬೋಳಾಗುವುದಿಲ್ಲ. ಮುಂಗಾರಿನ ಮಳೆ ಕುಡಿದು, ಹಿಂಗಾರಿನ ನಾಲ್ಕು ಹನಿಯನ್ನೂ ಪಡೆದು ಹಸಿರಾಗಿಯೇ ನಿಂತಿರುತ್ತವೆ. ನಮ್ಮ ಕಡೆ ಹೆಚ್ಚಿನ ಮರಗಳು ಎಲೆ ಉದುರಿಸುವುದು ಮಾಘ, ಫಾಲ್ಗುಣದ ಹೊತ್ತಿಗೆ. ಗೋಡೆಯ ಮೇಲೆ ಒಂದು, ಕಿಟಕಿಯಾಚೆ ಇನ್ನೊಂದು ಕಂಡಾಗ ಮೂರು ವರ್ಷದ ಮಗು ನಂಬುವುದು ಟೀಚರಮ್ಮನ ಮಾತನ್ನು, ತನ್ನ ಕಣ್ಣನ್ನಲ್ಲ. ಅದು ಆಗಬಾರದು ಎಂಬುದೇ ನನ್ನ ಮುಖ್ಯ ಕಾಳಜಿ. ಆದ್ದರಿಂದ ಋತುವನ್ನು ಕೇಂದ್ರದ ಬಾಗಿಲಾಚೆಯಿಂದಲೇ ಒಳಗೆ ತಾ.

ನಿನ್ನ ಕೇಂದ್ರದ ಹಿಂದೆಯೇ ರಾಗಿ ಹೊಲವಿದೆ. ಅಕ್ಟೋಬರಿನಲ್ಲಿ ತೆನೆ ಹೊರಟಾಗ ಹೊಲದವರನ್ನು ಕೇಳಿ ಒಂದು ಹಸಿ ತೆನೆಯನ್ನು ತಂದು ಮಕ್ಕಳ ಕೈಗೆ ಕೊಡು. ಮುಂದಿನ ವಾರ ಇನ್ನೊಂದು, ಅದರ ಮುಂದಿನ ವಾರ ಮತ್ತೊಂದು ತಂದು ಗೋಡೆಗೆ ಸಾಲಾಗಿ ಕಟ್ಟು. ಎಳೆಯ ತೆನೆಯ ಬೆರಳುಗಳು ಬಿಚ್ಚಿಕೊಂಡಿರುತ್ತವೆ. ಹಲವು ತಳಿಗಳಲ್ಲಿ ಕಾಳು ಬಲಿಯುತ್ತ ಬಂದಂತೆ ಅವು ಮಗುವಿನ ಮುಷ್ಟಿಯ ಹಾಗೆ ಒಳಕ್ಕೆ ಬಾಗಿಕೊಳ್ಳುತ್ತವೆ, ಹಸಿರು ಕಂದು ಬಣ್ಣಕ್ಕೆ ತಿರುಗುತ್ತದೆ. ನೀನು ಏನೂ ವಿವರಿಸಬೇಡ. ತೆನೆಯ ಪಕ್ಕದಲ್ಲಿ ತಮ್ಮ ಕೈಯನ್ನು ಹಿಡಿದು, ತೆನೆ ಇರುವಂತೆ ಬೆರಳುಗಳನ್ನು ಬಿಡಿಸಿ ಮಡಚಲು ಹೇಳು, ಸಾಕು. ಬಲಿತ ತೆನೆಯನ್ನು ಅಂಗೈಯಲ್ಲಿ ಉಜ್ಜಿ, ಊದಿ, ಹೊಟ್ಟು ಹಾರಿ ಕಾಳು ಉಳಿಯುವುದನ್ನು ಪ್ರತಿಯೊಂದು ಮಗುವೂ ತಾನೇ ಮಾಡಿ ನೋಡಲಿ. ರಾಗಿಯ ನಡುನಡುವೆ ಬಿತ್ತುವ ಅಕ್ಕಡಿ ಸಾಲಿನ ಹುಚ್ಚೆಳ್ಳು ಹಳದಿಯಾಗಿ ಅರಳಿದಾಗ ಎಸಳುಗಳನ್ನು ಎಣಿಸಬಹುದು. ಸಾಮಾನ್ಯವಾಗಿ ಎಂಟರ ಆಸುಪಾಸು ಇರುತ್ತವೆ. ಐದರವರೆಗೆ ಬಾಯಿಪಾಠ ಬರುವ ಮಗುವಿಗೆ ಅದರಾಚೆ ಎಣಿಸಲು ಅದೇ ಕಾರಣವಾಗುತ್ತದೆ. ಆ ಹೂವಿಗೆ ಜೇನ್ನೊಣಗಳು ಮುತ್ತುತ್ತವೆ, ಹೊಲಕ್ಕೆ ಕರೆದೊಯ್ಯುವಾಗ ಸಹಾಯಕಿ ಜೊತೆಗಿರಲಿ.

ಬೀಜಗಳನ್ನು ವಿಂಗಡಿಸುವ ಆಟಕ್ಕೂ ಇದೇ ಕಾಲ. ಆದರೆ ಇಲ್ಲಿ ನಾನು ಕಟ್ಟುನಿಟ್ಟಾಗಿ ಹೇಳುತ್ತೇನೆ: ಹರಳು ಬೀಜ ಮತ್ತು ಗುಲಗಂಜಿ ಎಷ್ಟೇ ಚಂದವಿದ್ದರೂ ಕೇಂದ್ರದೊಳಗೆ ಬರಕೂಡದು. ಎರಡೂ ವಿಷ, ಅಗಿದು ನುಂಗಿದರೆ ಜೀವಕ್ಕೇ ಅಪಾಯ. ಅವರೆ, ತೊಗರಿ, ಹುಣಸೆ ಬೀಜಗಳನ್ನು ಸಹ ಮಕ್ಕಳು ಮೂಗಿಗೆ, ಕಿವಿಗೆ ತುರುಕಿಕೊಳ್ಳುತ್ತಾರೆ, ಬಾಯಿಗೆ ಹಾಕಿಕೊಂಡರೆ ಗಂಟಲಿಗೆ ಸಿಕ್ಕಿಕೊಳ್ಳುತ್ತದೆ. ಹಾಗಾಗಿ ಒಂದು ಸಲಕ್ಕೆ ನಾಲ್ಕೈದು ಮಕ್ಕಳನ್ನು ಮಾತ್ರ ಕೂರಿಸಿ, ನೀನು ಎದುರಿಗೇ ಕುಳಿತು ಆಡಿಸು, ಮುಗಿದ ಮೇಲೆ ಡಬ್ಬಿಯನ್ನು ಎತ್ತರದಲ್ಲಿಡು.

ಖರ್ಚಿಲ್ಲದ ಇನ್ನೊಂದು ಕೆಲಸವಿದೆ. ಸೆಪ್ಟೆಂಬರ್ ಕೊನೆಯಲ್ಲಿ ಬಿಸಿಲಿರುವ ಒಂದು ದಿನ, ಮಧ್ಯಾಹ್ನ 12 ಗಂಟೆಗೆ, ಒಂದು ಮಗುವನ್ನು ಅಂಗಳದಲ್ಲಿ ನಿಲ್ಲಿಸಿ ಅದರ ನೆರಳಿನಷ್ಟೇ ಉದ್ದದ ನೂಲನ್ನು ಕತ್ತರಿಸಿ ಮೊಳೆಗೆ ನೇತುಹಾಕು. ನವೆಂಬರ್ ಕೊನೆಯಲ್ಲಿ ಅದೇ ಹೊತ್ತಿಗೆ, ಅದೇ ಮಗುವಿನ ನೆರಳಿಗೆ ಇನ್ನೊಂದು ನೂಲು ಕತ್ತರಿಸು. ಸೂರ್ಯ ದಕ್ಷಿಣಕ್ಕೆ ಸರಿದಿರುವುದರಿಂದ ಎರಡನೆಯ ನೂಲು ಮೊದಲನೆಯದಕ್ಕಿಂತ ಎರಡು ಪಟ್ಟಿಗೂ ಉದ್ದವಿರುತ್ತದೆ. ದಕ್ಷಿಣಾಯನ ಎಂಬ ಮಾತು ಮಕ್ಕಳಿಗೆ ಬೇಡ, ಎರಡು ನೂಲುಗಳನ್ನು ಪಕ್ಕಪಕ್ಕದಲ್ಲಿ ಹಿಡಿದು ನೋಡಿದರೆ ಸಾಕು.

ದಸರಾ ಗೊಂಬೆ ಕೂರಿಸುವುದಾದರೆ ಅಂಗಡಿಯಿಂದ ತರಬೇಡ. ಕೆರೆಯ ಜೇಡಿಮಣ್ಣನ್ನು ಹದವಾಗಿ ಕಲಸಿ ಕೊಟ್ಟರೆ ಮಕ್ಕಳೇ ಎತ್ತು, ಒಲೆ, ಬಸ್ಸು ಮಾಡುತ್ತಾರೆ. ಮೂರೋ ಐದೋ ಮೆಟ್ಟಿಲಲ್ಲಿ ಅವನ್ನು ಜೋಡಿಸುವಾಗ ಮೇಲೆ, ಕೆಳಗೆ, ನಡುವೆ, ದೊಡ್ಡದು, ಚಿಕ್ಕದು ಎಂಬ ಮಾತುಗಳೆಲ್ಲ ತಾವಾಗಿಯೇ ಬರುತ್ತವೆ. ಎಲ್ಲ ಮತದ, ಎಲ್ಲ ಕೇರಿಯ ಮಕ್ಕಳು ಬರುವ ಜಾಗ ಅದು. ಪೂಜೆ ಅವರವರ ಮನೆಯಲ್ಲಿರಲಿ, ಇಲ್ಲಿ ಪ್ರತಿ ಮಗುವಿನದೂ ಒಂದು ಗೊಂಬೆ ಇರಲಿ. ಗಾಂಧಿ ಜಯಂತಿ, ರಾಜ್ಯೋತ್ಸವ, ನವೆಂಬರ್ 14ರ ಮಕ್ಕಳ ದಿನಾಚರಣೆಗಳನ್ನು ಚಿಕ್ಕದಾಗಿ ಮಾಡು. 1975ರ ಅಕ್ಟೋಬರ್ 2ರಂದೇ ಅಂಗನವಾಡಿಗಳನ್ನು ನಡೆಸುವ ನಮ್ಮ ಈ ಸಮಗ್ರ ಶಿಶು ಅಭಿವೃದ್ಧಿ ಯೋಜನೆಯೂ ಆರಂಭವಾಯಿತೆಂಬ ಹೆಮ್ಮೆ ನನಗಿದೆ, ಆದರೂ ಅದಕ್ಕಾಗಿ ಕೂಸುಗಳನ್ನು ಬಿಸಿಲಲ್ಲಿ ನಿಲ್ಲಿಸಿ ಭಾಷಣ ಕೇಳಿಸುವುದು ನನಗೆ ಒಪ್ಪಿಗೆಯಿಲ್ಲ.

ವಿಜಯದಶಮಿಗೆ ಅಕ್ಷರಾಭ್ಯಾಸ ಮಾಡಿಸಿದ ತಂದೆತಾಯಿಗಳು ಮರುದಿನವೇ ಸ್ಲೇಟು ಹಿಡಿದು ಬಂದು, ಕಾನ್ವೆಂಟಿನ ಮಕ್ಕಳು ಬರೆಯುತ್ತಾರೆ, ನಮ್ಮ ಮಗು ಮಣ್ಣಲ್ಲಿ ಆಡುತ್ತಿದೆ ಎನ್ನುತ್ತಾರೆ. ಅವರ ಆತಂಕ ಸಣ್ಣದಲ್ಲ, ಮುಖ ಸಿಂಡರಿಸಬೇಡ. 2022ರ ಅಕ್ಟೋಬರಿನಲ್ಲಿ ಬಂದ ಬುನಾದಿ ಹಂತದ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಕೂಡ 3ರಿಂದ 8 ವರ್ಷದವರೆಗಿನ ಕಲಿಕೆಗೆ ಆಟವನ್ನೇ ಆಧಾರವಾಗಿಟ್ಟಿದೆ ಎಂದು ತಿಳಿಸು. ಅಷ್ಟಕ್ಕೇ ಅವರು ಒಪ್ಪುವುದಿಲ್ಲ. ಅವರೆಕಾಯಿ ಬರತೊಡಗಿದಾಗ ತಾಯಂದಿರ ಸಭೆ ಕರೆದು, ಅವರ ಎದುರಿಗೇ ಮಕ್ಕಳಿಂದ ಕಾಯಿ ಸುಲಿಸು. ಸಿಪ್ಪೆಯನ್ನು ಸೀಳಲು ಹೆಬ್ಬೆರಳು, ತೋರುಬೆರಳು ಎಷ್ಟು ಒತ್ತಬೇಕು, ಬಳಪ ಹಿಡಿಯಲು ಬೇಕಾದದ್ದೂ ಅದೇ ಕಸುವು ಎಂಬುದನ್ನು ಆ ತಾಯಂದಿರೇ ಕಣ್ಣಾರೆ ನೋಡಲಿ. ಸುಲಿದ ಕಾಳನ್ನು ಅಂದಿನ ಸಾರಿಗೆ ಹಾಕಿಸು.

ಇಂತಿ ಆಶೀರ್ವಾದಗಳೊಂದಿಗೆ,
ನಿನ್ನ ದೊಡ್ಡಮ್ಮ