ಹುಡಿಯ ವಿಷಯ ಮೊದಲು

ಕಿನ್ನಿಮುಲ್ಕಿ, ಉಡುಪಿ
ಆಟಿ ತಿಂಗಳು

ಪ್ರೀತಿಯ ವಿದ್ಯಾ,

ನಿನ್ನ ಕಾಗದ, ಅದರ ಜೊತೆ ನೀನೇ ಪ್ಲೈವುಡ್ಡಿನಲ್ಲಿ ಕೊಯ್ದು ಕಳಿಸಿದ ಯಕ್ಷಗಾನದ ಕಿರೀಟ, ಎರಡೂ ಮೊನ್ನೆ ಕೈಸೇರಿದವು. ಬ್ಲೇಡಿನ ಬಗ್ಗೆ ಕೇಳಿದ್ದೀಯ, ಹಲಸಿನ ಹಲಗೆ ಕೇಳಿದ್ದೀಯ, ನನ್ನ ಹಳೆಯ ನಮೂನೆಗಳನ್ನು ಕೇಳಿದ್ದೀಯ. ಎಲ್ಲದಕ್ಕೂ ಉತ್ತರ ಬರೆಯಬೇಕು ಅಂತಲೇ ಕೂತೆ. ಆದರೆ ಕೊನೆಯ ಪುಟದಲ್ಲಿ, ಜಾಗ ಸಾಲದೆ ಅಡ್ಡಕ್ಕೆ ಬರೆದ ಒಂದು ಸಾಲು ಉಂಟಲ್ಲ, ಅದು ನನ್ನನ್ನು ಬಿಡುತ್ತಿಲ್ಲ. "ಶನಿವಾರ, ಆದಿತ್ಯವಾರ ರಾತ್ರಿ ಮಲಗಿದರೆ ಎದೆಯಲ್ಲಿ ಕುಂಯ್ ಅನ್ನುತ್ತದೆ ಮಾವ, ಮರದ ಹುಡಿಯಿಂದ ಇರಬಹುದಾ? ಅಮ್ಮನಿಗೆ ಹೇಳಬೇಡಿ."

ಅಕ್ಕನಿಗೆ ಹೇಳಿಲ್ಲ. ನೀನು ಡಾಕ್ಟರಿಗೆ ತೋರಿಸುವವರೆಗೆ ಹೇಳುವುದೂ ಇಲ್ಲ. ಆಮೇಲಿನದ್ದು ಆಮೇಲೆ. ಫೋನ್ ಮಾಡಿ ಕೇಳೋಣ ಅಂತ ಇದ್ದೆ. ಫೋನಿನಲ್ಲಾದರೆ "ಏನಿಲ್ಲ ಮಾವ, ಸುಮ್ನೆ ಬರೆದೆ" ಅಂತ ಮುಗಿಸಿಬಿಡುತ್ತೀಯ. ಅದಕ್ಕೇ ಬರೆಯುತ್ತಿದ್ದೇನೆ.

ಇದು ಆಟಿ. ಗೋಡೆಗೆಲ್ಲ ನೀರು, ಕಪಾಟಿನಲ್ಲಿ ಬೂಷ್ಟು, ಒಣಗದ ಬಟ್ಟೆ. ಈ ತಿಂಗಳು ಕೆಮ್ಮು ಯಾರನ್ನು ಬಿಡುತ್ತದೆ? ಹಾಗೇ ಇರಬಹುದು ಅಂತ ನನಗೆ ನಾನೇ ಹೇಳಿಕೊಂಡೆ. ಆದರೆ ಬೂಷ್ಟಿಗೆ ವಾರ ಗೊತ್ತಿಲ್ಲ. ನಿನಗೆ ಎದೆ ಕುಂಯ್ ಅನ್ನುವುದು ಶನಿವಾರ, ಆದಿತ್ಯವಾರ. ನೀನು ಮರದಲ್ಲಿ ಚಿತ್ತಾರ ಕೊಯ್ಯುವ ಆ ಸ್ಕ್ರಾಲ್ ಸಾ ಮೆಷಿನ್ ಹಿಡಿದು ಕೂರುವುದೂ ಆ ಎರಡೇ ದಿನ. ಬುಧವಾರ, ಗುರುವಾರ ಹೇಗಿರುತ್ತದೆ ಅಂತ ನೀನು ಬರೆದಿಲ್ಲ. ಈ ವಾರ ಅದನ್ನು ಗಮನಿಸಿ ಎಲ್ಲಾದರೂ ಬರೆದಿಡು. ಡಾಕ್ಟರಿಗೆ ಬೇಕಾಗುವುದು ಅದೇ.

ದೊಡ್ಡ ಮಾವನ ವಿಷಯ ಇಲ್ಲಿ ಬರೆಯುವುದಿಲ್ಲ. ನೀನೇ ಕಂಡಿದ್ದೀಯ. ಅವನದ್ದು ಸಾಮಿಲ್ಲಿನ ದುಡಿಮೆ, ಬೆಳಿಗ್ಗೆಯಿಂದ ಸಂಜೆವರೆಗೆ. ನಿನ್ನದು ರಜೆಯ ದಿನದ ಹವ್ಯಾಸ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು ಅಂತ ನನಗೂ ಗೊತ್ತು. ಆದರೂ ಆ ಸಾಲು ಓದಿದಾಗ ನನಗೆ ಕೇಳಿಸಿದ್ದು ಅವನ ಎದೆಯ ಸದ್ದು.

ಕಿರೀಟ ತುಂಬಾ ಚೆನ್ನಾಗಿ ಬಂದಿದೆ. ಕಿಟಕಿಯ ಹತ್ತಿರ ಹಿಡಿದು ನೋಡಿದೆ. ಒಳಗೆ ಎಷ್ಟೊಂದು ಕಿಂಡಿಗಳು! ಒಂದೊಂದು ಕಿಂಡಿಗೂ ತೂತು ಕೊರೆಯಬೇಕು, ಬ್ಲೇಡ್ ಬಿಚ್ಚಿ ಆ ತೂತಿನಲ್ಲಿ ತೂರಿಸಬೇಕು, ಮತ್ತೆ ಬಿಗಿಯಬೇಕು, ಕೊಯ್ದು ಮುಗಿಸಿ ಮತ್ತೆ ಬಿಚ್ಚಬೇಕು. ನಮ್ಮ ಮನೆಯಲ್ಲಿ ಇಷ್ಟು ತಾಳ್ಮೆ ಯಾರಿಗೂ ಇರಲಿಲ್ಲ, ನನಗೂ ಇರಲಿಲ್ಲ. ಎಡಗಡೆಯ ಎಲೆಯ ತುದಿ ಸ್ವಲ್ಪ ಕರಕಾಗಿದೆ. ಬ್ಲೇಡ್ ಮೊಂಡಾದ ಮೇಲೂ ನೀನು ತಿರುವಿನಲ್ಲಿ ಒತ್ತಿರಬೇಕು. ಆಗ ಸುಟ್ಟ ವಾಸನೆ ಬಂದಿರುತ್ತದೆ. ಪ್ಲೈವುಡ್ ಅಲ್ವಾ, ಒಳಗೆ ಪದರ ಪದರಕ್ಕೂ ಅಂಟು ಉಂಟು, ಅದೂ ಸೇರಿ ಸುಡುತ್ತದೆ. ಹಲಗೆಗೆ ಮೊದಲು ಅಗಲದ ಪ್ಯಾಕಿಂಗ್ ಟೇಪ್ ಹಚ್ಚಿ, ಅದರ ಮೇಲೆ ನಮೂನೆ ಅಂಟಿಸು. ಅಷ್ಟು ಕರಕಾಗುವುದಿಲ್ಲ. ಬ್ಲೇಡ್ ತುಂಡಾಗುವವರೆಗೆ ಕಾಯಬೇಡ, ಮೊದಲೇ ಬದಲಿಸು. ಹಿಂಬದಿಯಲ್ಲಿ ಸಿಬಿರು ಎದ್ದಿದೆ. ಕೆಳತುದಿಯ ಕೆಲವು ಹಲ್ಲು ಮೇಲ್ಮುಖವಾಗಿರುವ ಬ್ಲೇಡ್ ಸಿಗುತ್ತದೆ, ರಿವರ್ಸ್ ಟೂತ್ ಅಂತ ಕೇಳು. ಮತ್ತೆ ತುದಿಯಲ್ಲಿ ಅಡ್ಡ ಪಿನ್ ಇಲ್ಲದ್ದನ್ನೇ ತೆಗೆದುಕೋ. ಪಿನ್ ಇರುವ ಬ್ಲೇಡಿಗೆ ದೊಡ್ಡ ತೂತು ಬೇಕು, ಸಣ್ಣ ಕಿಂಡಿಗೆ ಅದು ಹೋಗುವುದಿಲ್ಲ.

ಇರಲಿ, ಬ್ಲೇಡಿನ ಮಾತು ಇಷ್ಟು ಸಾಕು. ನನ್ನ ಮನಸ್ಸು ಇದರಲ್ಲಿ ಇಲ್ಲ.

ಕಾಗದದಲ್ಲಿ ಮೆಷಿನ್ನಿನ ಚಿತ್ರ ಬಿಡಿಸಿದ್ದೀಯ. ಬ್ಲೇಡಿನ ಪಕ್ಕ ಒಂದು ಸಪೂರ ಪೈಪ್, ಅದಕ್ಕೊಂದು ಬಾಣ, "ಇದು ಊದುತ್ತದೆ, ಗೆರೆ ಚೆನ್ನಾಗಿ ಕಾಣುತ್ತದೆ" ಅಂತ. ನಮ್ಮ ಕಾಲದಲ್ಲಿ ಕೈಯಲ್ಲಿ ಆಡಿಸುವ ಫ್ರೆಟ್ ಸಾ. ಉದ್ದ ಕಮಾನು, ಅದರ ಎರಡು ತುದಿಗೆ ಬಿಗಿದ ನೂಲಿನಂಥ ಬ್ಲೇಡ್. ವಿ ಆಕಾರಕ್ಕೆ ಸೀಳಿದ ಒಂದು ಹಲಗೆಯನ್ನು ಮೇಜಿನ ಅಂಚಿಗೆ ಬಿಗಿಯುವುದು, ಕೊಯ್ಯುವ ತುಂಡನ್ನು ಅದರ ಮೇಲಿಟ್ಟು ಮೇಲೆ ಕೆಳಗೆ ಎಳೆಯುವುದು. ನಾಲ್ಕು ಸಲ ಎಳೆದರೆ ಗೆರೆ ಹುಡಿಯಲ್ಲಿ ಮುಚ್ಚಿಹೋಗುತ್ತದೆ. ಆಗ ಬಗ್ಗಿ ಉಫ್ ಅಂತ ಊದುವುದು. ಊದಿದ ಮೇಲೆ ಉಸಿರು ಎಳೆಯಲೇಬೇಕಲ್ಲ? ಮುಖ ಅಲ್ಲೇ ಇರುತ್ತದೆ. ಮೇಲೆದ್ದ ಹುಡಿಯೂ ಅಲ್ಲೇ ಇರುತ್ತದೆ. ಹುಡಿ ಒಳಗೆ ಹೋಗಲು ಇದಕ್ಕಿಂತ ಸುಲಭದ ದಾರಿ ಬೇಡ. ನಿನ್ನ ಮೆಷಿನ್ನಿನ ಪೈಪ್ ಮಾಡುವುದೂ ಅದನ್ನೇ. ಗೆರೆಯ ಮೇಲಿನ ಹುಡಿ ಹೋಗುತ್ತದೆ, ಸರಿ. ಎಲ್ಲಿಗೆ ಹೋಗುತ್ತದೆ? ನೀನು ಗೆರೆ ಕಾಣಲಿ ಅಂತ ಮೂಗು ತಾಗುವಷ್ಟು ಬಗ್ಗಿ ಕೂತಿರುತ್ತೀಯ.

ದಪ್ಪ ಹಲ್ಲಿನ ಗರಗಸದ ಹುಡಿ ತರಿ ತರಿ. ಅಲ್ಲೇ ನೆಲಕ್ಕೆ ಬೀಳುತ್ತದೆ. ನಿನ್ನ ಬ್ಲೇಡಿನ ಹಲ್ಲು ಸಣ್ಣ, ಹುಡಿಯೂ ನುಣುಪು. ಕಣ್ಣಿಗೆ ಕಾಣುವುದನ್ನು ನೀನು ಒರೆಸಿ ತೆಗೆಯುತ್ತೀಯ. ಕಾಣದಷ್ಟು ಸಣ್ಣದು ಗಂಟೆಗಟ್ಟಲೆ ಗಾಳಿಯಲ್ಲೇ ಇರುತ್ತದೆ, ಎದೆಯ ಒಳಗಿನವರೆಗೆ ಹೋಗುವುದೂ ಅದೇ. ಮೆಷಿನ್ ನಿಂತ ಮೇಲೂ ಕೋಣೆ ತುಂಬ ಅದು ಉಂಟು. ಅದೂ ಯಾವ ಕೋಣೆ? ಮಲಗುವ ಕೋಣೆಯ ಮೂಲೆ ಅಂತ ಬರೆದಿದ್ದೀಯ. ಮಳೆ ಒಳಗೆ ಹೊಡೆಯುತ್ತದೆ ಅಂತ ಕಿಟಕಿ ಬೇರೆ ಮುಚ್ಚಿ. ನಿನ್ನ ತಲೆದಿಂಬು ಆ ಮೆಷಿನ್ನಿನಿಂದ ಎಷ್ಟು ದೂರ ಉಂಟು ಮಗಳೇ? ರಾತ್ರಿ ಇದೇ ಯೋಚನೆ ಬಂದು ಎದ್ದು ಕೂತೆ.

ಅಕ್ಕನಿಗೆ ಯಾವಾಗಲೂ ನಿನ್ನ ಬೆರಳಿನದ್ದೇ ಹೆದರಿಕೆ. ಬೆರಳನ್ನು ಬ್ಲೇಡಿನ ನೇರಕ್ಕೆ ಇಡಬಾರದು, ಅದು ನಿಜ. ಆದರೆ ಬೆರಳು ಕೊಯ್ದರೆ ರಕ್ತ ಬರುತ್ತದೆ, ಆ ಕ್ಷಣಕ್ಕೆ ಕೈ ಹಿಂದೆ ಬರುತ್ತದೆ. ಹುಡಿ ಒಳಗೆ ಹೋಗುವಾಗ ಏನೂ ಗೊತ್ತಾಗುವುದಿಲ್ಲ. ಅದಕ್ಕೇ ನನಗೆ ಇದರ ಹೆದರಿಕೆ ಜಾಸ್ತಿ.

ನನ್ನ ಮೂಗಿನ ವಿಷಯ ನಿನಗೆ ಗೊತ್ತಿರಲಿಕ್ಕಿಲ್ಲ. ಮನೆಯಲ್ಲಿ ನಾನು ಹೇಳಿಕೊಂಡದ್ದು ಕಮ್ಮಿ. ನನಗೆ ವಾಸನೆ ಗೊತ್ತಾಗುವುದಿಲ್ಲ. ಒಂದೇ ದಿನದಲ್ಲಿ ಹೋದದ್ದಲ್ಲ. ಮೊದಮೊದಲು ಬೆಳಿಗ್ಗೆ ಮೂಗು ಕಟ್ಟುತ್ತಿತ್ತು, ಸೀನಿದರೆ ಹುಡಿಯ ಬಣ್ಣವೇ ಬರುತ್ತಿತ್ತು. ಮರದ ಕೆಲಸ ಅಂದರೆ ಹಾಗೇ ಅಂತ ಎಲ್ಲರೂ ಇದ್ದೆವು. ಮೂಗಿಗೆ ಬೈರಾಸು ಕಟ್ಟಿಕೊಂಡರೆ ಅದೇ ದೊಡ್ಡ ಜಾಗ್ರತೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಕಣ್ಣು ಮುಚ್ಚಿ ಹೇಳುತ್ತಿದ್ದೆ, ಇದು ಹಲಸು, ಇದು ಹೆಬ್ಬಲಸು ಅಂತ. ಸಾಗುವಾನಿಯದ್ದು ಎಣ್ಣೆ ಎಣ್ಣೆ ವಾಸನೆ. ಬೀಟೆ ಕೊಯ್ಯುವಾಗ ಶೆಡ್ಡು ಇಡೀ ಸಿಹಿ ಪರಿಮಳ. ಈಗ ನಿನ್ನ ಅತ್ತೆ ಶಂಕರಪುರದ ಮಲ್ಲಿಗೆ ಮುಡಿದು ಪಕ್ಕದಲ್ಲಿ ಕೂತರೂ ಕಣ್ಣಿಗೆ ಕಂಡರೆ ಮಾತ್ರ ಗೊತ್ತು. ಅನ್ನ ತಳ ಹಿಡಿದರೆ ಅವಳೇ ಒಳಗಿನಿಂದ ಕೂಗಬೇಕು. ದೊಡ್ಡ ಮಾವನಿಗೆ ಆದದ್ದರ ಮುಂದೆ ಇದು ಏನೂ ಅಲ್ಲ. ಆದರೆ ಮರದ ಜೊತೆ ಬದುಕಿದವನಿಗೆ ಮರದ ವಾಸನೆ ಇಲ್ಲ ಅಂದರೆ ಏನು ಅಂತ ನಿನಗೆ ಅರ್ಥವಾಗುತ್ತದೆ. ಹಲಸು ಕೊಯ್ದಾಗ ಆ ವಾಸನೆಗೆ ಕೈ ನಿಂತುಬಿಟ್ಟಿತು ಅಂತ ಹಿಂದೊಮ್ಮೆ ನೀನೇ ಬರೆದಿದ್ದೆ.

ಮೂಗಿನ ಡಾಕ್ಟರ ಹತ್ತಿರ ಹೋದದ್ದು ತಡವಾಗಿ. ಅವರು ಹೇಳಿದ ಒಂದು ಮಾತು ನಿನಗೂ ಗೊತ್ತಿರಲಿ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 1995ರಲ್ಲೇ ಮರದ ಹುಡಿಯನ್ನು ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿದೆ. ತಂಬಾಕಿನ ಹೊಗೆ ಇರುವುದೂ ಅದೇ ಗುಂಪಿನಲ್ಲಿ. ಮೂಗಿನ ಒಳಗೆ, ಅದರ ಸುತ್ತಲಿನ ಟೊಳ್ಳುಗಳಲ್ಲಿ ಬರುವಂಥದ್ದು. ಅದು ವರ್ಷಾನುಗಟ್ಟಲೆ ಹುಡಿಯಲ್ಲೇ ದುಡಿದವರ ಮಾತು. ನಿನ್ನನ್ನು ಹೆದರಿಸಲು ಬರೆಯುತ್ತಿಲ್ಲ. ಬರೆಯದೆ ಬಿಡಲಿಕ್ಕೂ ಮನಸ್ಸು ಬರಲಿಲ್ಲ.

"ಹಾಗಾದರೆ ಮೆಷಿನ್ ಮಾರಿಬಿಡು" ಅಂತ ಒಂದು ಕಾಗದ ಬರೆದೂ ಆಗಿತ್ತು. ಹರಿದು ಹಾಕಿದೆ. ನಮ್ಮ ಮನೆತನದ ಕೆಲಸ ನನ್ನ ಕೈಗೇ ಮುಗಿಯಿತು ಅಂತ ಇದ್ದೆ. ಬ್ಯಾಂಕಿನಲ್ಲಿ ಕೂತು ಲೆಕ್ಕ ಬರೆಯುವ ಹುಡುಗಿ ಅದನ್ನು ತಾನಾಗಿಯೇ ಎತ್ತಿಕೊಂಡಳು. ಅದನ್ನು ಬಿಡು ಅಂತ ನಾನು ಹೇಗೆ ಹೇಳಲಿ?

ನಮೂನೆ ಕೇಳಿದ್ದೀಯಲ್ಲ, ಅದನ್ನು ಕಳಿಸದಿದ್ದರೆ ಈ ಮಳೆಗಾಲವಾದರೂ ನೀನು ಸುಮ್ಮನಿರುತ್ತೀಯ ಅಂತ ಒಂದು ಯೋಚನೆ ಬಂತು. ಅದು ಸರಿ ಕಾಣಲಿಲ್ಲ. ಇರುವುದೇ ಸ್ವಲ್ಪ. ಮಂಗಳೂರಿನ ಜೆಪ್ಪುವಿನಲ್ಲಿ ಬಾಸೆಲ್ ಮಿಷನ್‌ನವರು 1865ರಲ್ಲಿ ಹೆಂಚಿನ ಕಾರ್ಖಾನೆ ಹಾಕಿದ ಮೇಲೆ ನಮ್ಮ ಕಡೆ ಹೆಂಚಿನ ಮಾಡು ಜಾಸ್ತಿಯಾಯಿತು ಅಂತ ಅಪ್ಪ ಹೇಳುತ್ತಿದ್ದರು. ಆ ಮಾಡಿನ ಅಂಚಿಗೆ ಹೊಡೆಯುವ ಹಲಗೆಯಲ್ಲಿ ಬಳ್ಳಿ, ಹೂವು, ಮಾವಿನಕಾಯಿ ಕೊಯ್ಯುವುದು. ಮಳೆಗೆ ಮೊದಲು ಹೋಗುವುದು ಆ ಹಲಗೆಯೇ. ಅದನ್ನು ಬಿಚ್ಚಿ, ಕಾಗದದ ಮೇಲಿಟ್ಟು ಪೆನ್ಸಿಲಿನಲ್ಲಿ ಗೆರೆ ಎಳೆದುಕೊಂಡು, ಅದೇ ಅಳತೆಗೆ ಹೊಸತು ಕೊಯ್ದು ಕೊಡುತ್ತಿದ್ದೆ. ಮಂಗಳೂರಿನ ಎಷ್ಟೋ ಮನೆಗಳಿಗೆ ಮಾಡಿದ್ದೇನೆ. ಆ ಮನೆಗಳ ಜಾಗದಲ್ಲಿ ಈಗ ಫ್ಲ್ಯಾಟು. ಕಾಗದಗಳೂ ಹೆಚ್ಚಿನವು ಗೆದ್ದಲಿಗೆ ಹೋದವು. ಮಣಿಪಾಲದಲ್ಲಿ ವಿಜಯನಾಥ ಶೆಣೈಯವರು ಹಳೆಯ ಮನೆಗಳನ್ನು ಬಿಚ್ಚಿ ತಂದು ಹಸ್ತಶಿಲ್ಪ ಹೆರಿಟೇಜ್ ವಿಲೇಜ್‌ನಲ್ಲಿ ಮತ್ತೆ ನಿಲ್ಲಿಸಿದರಲ್ಲ, ಅಲ್ಲಿ ಹೋಗಿ ನಿಂತಾಗಲೆಲ್ಲ ಆ ಕಾಗದಗಳು ನೆನಪಾಗಿ ಹೊಟ್ಟೆ ಉರಿಯುತ್ತದೆ. ಉಳಿದವನ್ನು ಝೆರಾಕ್ಸ್ ಮಾಡಿಸಿ ಕಳಿಸುತ್ತೇನೆ. ನಿನ್ನ ಕೈಗೆ ಬಂದರೆ ಉಳಿಯುತ್ತವೆ.

ಆದರೆ ಮೆಷಿನ್ ಆ ಕೋಣೆಯಿಂದ ಹೊರಗೆ ಬರಲಿ. ಬಟ್ಟೆ ಒಗೆಯುವ ಜಾಗ ಉಂಟಲ್ಲ, ಗ್ರಿಲ್ ಇರುವುದು, ಅಲ್ಲಿ ಆಗುವುದಿಲ್ಲವಾ? ಗಾಳಿ ಆಡುತ್ತದೆ, ಬಾಗಿಲು ಹಾಕಿಕೊಳ್ಳಬಹುದು. ಮಳೆ ಜೋರು ಇದ್ದ ದಿನ ಕೊಯ್ಯಬೇಡ. ನಿನ್ನ ಮನೆಯ ಅನುಕೂಲ ನನಗೆ ಗೊತ್ತಿಲ್ಲ, ದೂರದಲ್ಲಿ ಕೂತು ಹೇಳುವುದು ಸುಲಭ. ಮಾಸ್ಕ್ ಹಾಕುತ್ತೇನೆ ಅಂತ ಬರೆದಿದ್ದೀಯ. ಯಾವುದು? ಆ ನೀಲಿ ಬಟ್ಟೆಯದ್ದಾದರೆ ಪಕ್ಕದಿಂದೆಲ್ಲ ಹುಡಿ ಹೋಗುತ್ತದೆ. ಎನ್95 ತಂದು, ಮೂಗಿನ ಮೇಲಿನ ಪಟ್ಟಿಯನ್ನು ಒತ್ತಿ ಕೂರಿಸಿ ಹಾಕು. ಮೆಷಿನ್ ನಿಲ್ಲಿಸಿದ ತಕ್ಷಣ ತೆಗೆಯಬೇಡ. ಗುಡಿಸಬೇಡ, ಒದ್ದೆ ಬಟ್ಟೆಯಲ್ಲಿ ಒರೆಸು. ವ್ಯಾಕ್ಯೂಮಿನ ಬಾಯಿಯನ್ನು ಬ್ಲೇಡಿನ ಹತ್ತಿರ ಕಟ್ಟಿದರೆ ಒಳ್ಳೆಯದು, ಆದರೆ ಹೆಪಾ ಫಿಲ್ಟರ್ ಇರಬೇಕು. ಇಲ್ಲದಿದ್ದರೆ ಮುಂದಿನಿಂದ ಎಳೆದ ನುಣುಪು ಹುಡಿಯನ್ನು ಹಿಂದಿನಿಂದ ಬಿಡುತ್ತದೆ. ಮರಳು ಕಾಗದ ಉಜ್ಜುವಾಗ ಇನ್ನೂ ಜಾಸ್ತಿ ಏಳುತ್ತದೆ, ಆಗಲೂ ಮಾಸ್ಕ್ ಇರಲಿ. ಕೆಲಸ ಮುಗಿದ ಮೇಲೆ ತಲೆಗೆ ಸ್ನಾನ ಮಾಡಿಯೇ ಮಲಗು. ಇದೆಲ್ಲ ನಾನು ಮಾಡಿ ಗೊತ್ತಿರುವುದಲ್ಲ. ಕೇಳಿ, ವಿಚಾರಿಸಿ ತಿಳಿದುಕೊಂಡದ್ದು. ನಿನಗೆ ಇದಕ್ಕಿಂತ ಚೆನ್ನಾಗಿ ಗೊತ್ತಿದ್ದರೆ ಹಾಗೆ ಮಾಡು.

ಎಂಡಿಎಫ್ ಅಗ್ಗಕ್ಕೆ ಸಿಗುತ್ತದೆ ಅಂತ ತಂದಿದ್ದೀಯಲ್ಲ, ಅದನ್ನು ಸದ್ಯಕ್ಕೆ ಮುಟ್ಟಬೇಡ. ಆ ಹಲಗೆ ಅಂದರೆ ಪೂರ್ತಿ ಮರದ ನುಣುಪು ನಾರು ಮತ್ತು ಅಂಟು. ಬೀಟೆಯೂ ಬೇಡ, ಅದರ ಹುಡಿ ಕೆಲವರಿಗೆ ಮೈ ಕೆರೆಸುತ್ತದೆ, ಎದೆಗೂ ಒಳ್ಳೆಯದಲ್ಲ. ಹಲಸಿನ ಹಲಗೆ ಅಟ್ಟದಲ್ಲಿ ಉಂಟು, ಚೆನ್ನಾಗಿ ಒಣಗಿದ್ದು. ಈಗ ಹಳದಿ ಇರುತ್ತದೆ, ವರ್ಷ ಕಳೆದ ಹಾಗೆ ಕಂದು ತಿರುಗುತ್ತದೆ. ಹಲಸಿನದ್ದಾದರೂ ಹುಡಿ ಹುಡಿಯೇ, ಮರೆಯಬೇಡ.

ಡಾಕ್ಟರ ಹತ್ತಿರ ಈ ವಾರವೇ ಹೋಗು. ಎದೆಯ ಡಾಕ್ಟರೇ ಆಗಲಿ. ಮರ ಕೊಯ್ಯುತ್ತೇನೆ ಅಂತ ನೀನಾಗಿಯೇ ಹೇಳಬೇಕು. ಬ್ಯಾಂಕಿನ ಕೆಲಸ ಅಂತ ಅಷ್ಟೇ ಹೇಳಿದರೆ ಅವರಿಗೆ ಹುಡಿಯ ಯೋಚನೆ ಬರಲಿಕ್ಕಿಲ್ಲ. ಯಾವ ದಿನ ಜಾಸ್ತಿ, ಯಾವ ದಿನ ಕಮ್ಮಿ ಅಂತ ಬರೆದಿಟ್ಟದ್ದನ್ನು ತೋರಿಸು. ಮೆಷಿನ್ನಿಗೆ ಊದಿಸಿ ಶ್ವಾಸ ಅಳೆಯುವ ಪರೀಕ್ಷೆ ಮಾಡಬಹುದು, ಅದಕ್ಕೆ ನೋವೇನೂ ಇಲ್ಲ. ಇನ್‌ಹೇಲರ್ ಕೊಟ್ಟರೆ ನಾಚಿಕೆ ಪಟ್ಟುಕೊಂಡು ಬ್ಯಾಗಿನೊಳಗೆ ಬಚ್ಚಿಡಬೇಡ, ಹೇಳಿದ ಹಾಗೆ ತೆಗೆದುಕೋ. ಅಲ್ಲಿಯವರೆಗೆ ಈ ಶನಿವಾರ, ಆದಿತ್ಯವಾರ ಮೆಷಿನ್ನಿನ ಸ್ವಿಚ್ಚು ಹಾಕಬೇಡ ಅಂತ ಕೇಳಿಕೊಳ್ಳುತ್ತೇನೆ. ನನ್ನ ಮಾತಿಗೆ ಇಷ್ಟು ಮಾಡು.

ಹಲಗೆ, ನಮೂನೆ ಎರಡನ್ನೂ ಕಟ್ಟಿ ಸೋಮವಾರ ಮಂಗಳೂರು ಬಸ್ಸಿನಲ್ಲಿ ಕಳಿಸುತ್ತೇನೆ. ಬಸ್ಸಿನ ನಂಬರ್ ಫೋನಿನಲ್ಲಿ ಹೇಳುತ್ತೇನೆ, ಯಾರಾದರೂ ಹೋಗಿ ಇಳಿಸಿಕೊಳ್ಳಿ. ಡಾಕ್ಟರು ಏನು ಹೇಳಿದರು ಅನ್ನುವುದನ್ನು ಮಾತ್ರ ಕಾಗದದಲ್ಲಿ ಬರೆದು ಕಾಯಿಸಬೇಡ. ಅಲ್ಲಿಂದ ಹೊರಗೆ ಬಂದ ಕೂಡಲೇ ಫೋನ್ ಮಾಡು.

ನಿನ್ನ ಮಾವ