ಮಗಳಿಗೊಂದು ಪತ್ರ: ಮುಳ್ಳು ಒಳಗೂ ಇದೆ

ಪುಟ್ಟೀ,

ನಿನ್ನ ಪ್ರಬಂಧ ಓದಿದೆ. ‘ದಿ ಸರ್ಚರ್ಸ್’ ಸಿನಿಮಾದ ನಾಯಕ ಈಥನ್ ಹಲಸಿನ ಹಣ್ಣಿನ ಹಾಗೆ, ಹೊರಗೆ ಮುಳ್ಳು ಒಳಗೆ ಸಿಹಿ ಅಂತ ಬರೆದಿದ್ದೀಯ. ಎಡವಿದ್ದು ಅಲ್ಲೇ. ಜಾನ್ ಫೋರ್ಡ್ 1956ರಲ್ಲಿ ತೆಗೆದ ಈ ಹಾಲಿವುಡ್ ಚಿತ್ರದಲ್ಲಿ ಮುಳ್ಳು ಒಳಗೂ ಇದೆ.

ಮೊದಲ ಕಾಲು ಗಂಟೆಯನ್ನು ಸದ್ದು ಆರಿಸಿ ಇನ್ನೊಮ್ಮೆ ನೋಡು. ಕಾಲ 1868, ಅಮೆರಿಕದ ಅಂತರ್ಯುದ್ಧ ಮುಗಿದು ಮೂರು ವರ್ಷ. ಈಥನ್ ಈಗಷ್ಟೇ ಸೋದರನ ಮನೆಗೆ ಬಂದಿದ್ದಾನೆ. ಇಷ್ಟು ದಿನ ಈಥನ್ ಎಲ್ಲಿದ್ದ, ಅವನ ಕೈಯಲ್ಲಿರುವ ಹೊಚ್ಚಹೊಸ ನಾಣ್ಯಗಳು ಎಲ್ಲಿಯವು? ಚಿತ್ರ ಕೊನೆಯವರೆಗೂ ಬಾಯಿ ಬಿಡುವುದಿಲ್ಲ. ಸೋದರನ ಹೆಂಡತಿ ಮಾರ್ಥಾ ಒಳಕೋಣೆಯಲ್ಲಿ ಅವನ ಕೋಟನ್ನು ಸವರುತ್ತಾಳೆ. ಅದು ಕಣ್ಣಿಗೆ ಬಿದ್ದರೂ ಪಾದ್ರಿ ಕ್ಲೇಟನ್ ಎದುರಿಗೇ ನೋಡುತ್ತಾ ಕಾಫಿ ಕುಡಿಯುತ್ತಾನೆ. ಮುಂದೆ ಕಮಾಂಚಿ ಎಂಬ ಮೂಲನಿವಾಸಿಗಳ ದಾಳಿಯಲ್ಲಿ ಮಾರ್ಥಾ ಕೊಲೆಯಾದಾಗ ಈಥನ್‌ನ ಸೇಡಿನಲ್ಲಿ ಎಷ್ಟು ಪಾಲು ಕುಟುಂಬದ್ದು, ಎಷ್ಟು ಆ ಕೋಟಿನದು ಅಂತ ಬೇರ್ಪಡಿಸಲಾಗದು.

ಇನ್ನು, ಹೂತಿಟ್ಟ ಕಮಾಂಚಿಯ ಹೆಣದ ಎರಡೂ ಕಣ್ಣಿಗೆ ಅವನು ಗುಂಡು ಹೊಡೆಯುವ ದೃಶ್ಯ. ಕಣ್ಣಿಲ್ಲದವನಿಗೆ ಪಿತೃಲೋಕ ಸಿಗದು, ಗಾಳಿಗಳ ನಡುವೆ ಅಲೆಯುತ್ತಿರಬೇಕು ಎಂಬುದು ಆ ಜನರ ನಂಬಿಕೆ ಎಂದು ಅವನೇ ಹೇಳುತ್ತಾನೆ. ನೀನು ಇದನ್ನು ‘ಅಜ್ಞಾನದ ದ್ವೇಷ’ ಎಂದೆ. ತಪ್ಪು. ಅವನಿಗೆ ಅವರ ನಂಬಿಕೆ ಗೊತ್ತು, ಭಾಷೆಯೂ ಬರುತ್ತದೆ. ಗೊತ್ತಿರುವುದನ್ನೇ ಆಯುಧ ಮಾಡಿಕೊಂಡಿದ್ದಾನೆ.

ಕಮಾಂಚಿಗಳು ಹೊತ್ತೊಯ್ದ ಮಾರ್ಥಾಳ ಮಗಳು ಡೆಬ್ಬಿ, ಐದು ವರ್ಷ ಹುಡುಕಿದ ಮೇಲೆ ಸಿಕ್ಕಾಗ ಅವಳನ್ನೇ ಕೊಲ್ಲಲು ಪಿಸ್ತೂಲು ಎತ್ತುತ್ತಾನೆ. ಅವನ ಜೊತೆ ಹುಡುಕುತ್ತಿದ್ದ ತರುಣ ಮಾರ್ಟಿನ್ ಅಡ್ಡ ನಿಲ್ಲಬೇಕಾಗುತ್ತದೆ. ಕೊನೆಗೆ, ಸತ್ತ ಕಮಾಂಚಿ ನಾಯಕ ಸ್ಕಾರ್‌ನ ನೆತ್ತಿಯ ಚರ್ಮ ಕೂದಲಸಮೇತ ಕೊಯ್ದು ಹೊರಬಂದವನು, ಮರುಕ್ಷಣವೇ ಅವಳನ್ನು ಅಟ್ಟಿಸಿಕೊಂಡು ಹೋಗಿ ಹಿಡಿದು ತಲೆಯೆತ್ತರಕ್ಕೆ ಎತ್ತುತ್ತಾನೆ. ಚಿಕ್ಕವಳಿದ್ದಾಗ ಎತ್ತಿದ್ದೂ ಹೀಗೆಯೇ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡು. ಮನಸ್ಸು ಯಾಕೆ ಬದಲಾಯಿತು ಅನ್ನುವುದಕ್ಕೆ ಒಂದು ಮಾತೂ ಇಲ್ಲ. ‘ಕ್ಷಮಿಸಿದ’ ಎಂಬ ನಿನ್ನ ಪದ ಹೊಡೆದುಹಾಕು. ಅಷ್ಟು ಹೇಳುವ ಪುರಾವೆ ಪರದೆಯ ಮೇಲಿಲ್ಲ.

ಒಂದು ಎಚ್ಚರ. ಪಾತ್ರದ ದ್ವಂದ್ವ ಬೇರೆ, ಚಿತ್ರದ ದೋಷ ಬೇರೆ. ‘ಲುಕ್’ ಎಂಬ ಮೂಲನಿವಾಸಿ ಹೆಂಗಸನ್ನು ಮಾರ್ಟಿನ್ ದಿಬ್ಬದಿಂದ ಒದ್ದು ಉರುಳಿಸುವುದನ್ನು ಫೋರ್ಡ್ ನಗಿಸಲೆಂದೇ ಇಟ್ಟಿದ್ದಾನೆ. ಮುಂದೆ ಸೈನಿಕರ ದಾಳಿಯಲ್ಲಿ ಸತ್ತುಬಿದ್ದ ಅವಳನ್ನು ಕಂಡಾಗ ಆ ನಗು ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ, ಆದರೂ ಮೊದಲಿನದು ಅಳಿಸುವುದಿಲ್ಲ. ಸ್ಕಾರ್ ಆಗಿ ನಟಿಸಿದ ಹೆನ್ರಿ ಬ್ರ್ಯಾಂಡನ್ ಜರ್ಮನಿಯಲ್ಲಿ ಹುಟ್ಟಿದವನು. ಇದಕ್ಕೂ ಒಂದು ಸಾಲು ಕೊಡು.

ಕೊನೆಯ ದೃಶ್ಯಕ್ಕೆ ‘ಬಾಗಿಲು ಮುಚ್ಚುತ್ತದೆ’ ಅಂತಷ್ಟೇ ಬರೆದಿದ್ದೀಯ. ಮುಚ್ಚುವ ಮೊದಲು ಈಥನ್ ಎಡಗೈಯಿಂದ ಬಲಮೊಣಕೈ ಹಿಡಿದು ನಿಲ್ಲುತ್ತಾನೆ, ಆಮೇಲೆ ತಿರುಗಿ ನಡೆಯುತ್ತಾನೆ. ಅದನ್ನು ಸೇರಿಸಿ, ಭಾನುವಾರದೊಳಗೆ ಕಳಿಸು.

ಅಪ್ಪ